ಅಪ್ಪನ ಜೀಪಿಗೆ ನಾನು ಹಾಕಿದ ಎಣ್ಣೆ

ನಮ್ಮ ಮನೆ ಇರುವುದು ಮೂಡಿಗೆರೆ ತಾಲ್ಲೂಕಿನ ಒಂದು ಗುಡ್ಡದ ಮೇಲೆ. ಬಸ್ಸು ಓಡಾಡುವ ರಸ್ತೆಯಿಂದ ಮನೆಗೆ ನಾಲ್ಕು ಕಿಲೋಮೀಟರ್. ಅದರಲ್ಲಿ ಕಡೆಯ ಎರಡು ಕಿಲೋಮೀಟರ್ ಬರೀ ಏರು. ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು ತೋಟ, ಅದರ ಬುಡದಲ್ಲಿ ಹಳ್ಳ. ಈ ದಾರಿಯಲ್ಲಿ ಕಾಫಿ ಮೂಟೆ ಇಳಿದದ್ದು, ಗೊಬ್ಬರ ಹತ್ತಿದ್ದು, ಹೆರಿಗೆ ನೋವು ಬಂದವರು ಆಸ್ಪತ್ರೆ ಮುಟ್ಟಿದ್ದು ಎಲ್ಲ ಅಪ್ಪನ ಹಳೇ ಜೀಪಿನಲ್ಲೇ.

ಆ ಜೀಪಿನ ಬ್ರೇಕು ಒಂದು ದಿನ ಇಳಿಜಾರಿನಲ್ಲಿ ಹೋಯಿತು. ಹಿಂದೆ ಆರು ಜನ ಕೂತಿದ್ದರು. ಬ್ರೇಕು ಹೋಗಲು ಕಾರಣ ನಾನು. ಇದನ್ನು ಹನ್ನೊಂದು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಈಗ ಬರೆಯುತ್ತಿದ್ದೇನೆ. ನಮ್ಮ ಕಡೆ ಇನ್ನೂ ಎಷ್ಟೋ ಮನೆಗಳಲ್ಲಿ ಇಂಥ ಜೀಪುಗಳಿವೆ. ಕೊಡಚಾದ್ರಿಗೆ ಜನರನ್ನು ಹತ್ತಿಸುವವರು, ಕಳಸದ ಕಡೆ ತೋಟಕ್ಕೆ ಆಳುಗಳನ್ನು ಕರೆದೊಯ್ಯುವವರು ಎಲ್ಲರಿಗೂ ಈ ಬ್ರೇಕಿನ ಕತೆ ಬೇಕಾಗುತ್ತದೆ.

ಶೆಡ್ಡಿನ ಬಾಟಲಿ

ಆಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ರಜೆಗೆ ಊರಿಗೆ ಬಂದಿದ್ದೆ. ಜೂನ್ ತಿಂಗಳು, ಮಳೆ ಹಿಡಿದುಕೊಂಡು ನಾಲ್ಕು ದಿನವಾಗಿತ್ತು. ಅಪ್ಪ ತೋಟಕ್ಕೆ ಹೊರಡುತ್ತಾ, "ಬ್ರೇಕ್ ಆಯಿಲ್ ಒಂದು ಸಲ ನೋಡು ಮಾರಾಯ, ಕಮ್ಮಿ ಇದ್ರೆ ಹಾಕಿಡು" ಅಂದರು.

ನಮ್ಮದು ಹಳೇ ನಮೂನೆಯ ಜೀಪು. ಬ್ರೇಕ್ ಆಯಿಲ್ ತುಂಬುವ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನ ಒಳಗೆ ಇಲ್ಲ. ಡ್ರೈವರಿನ ಕಾಲ ಕೆಳಗೆ, ಫ್ಲೋರಿನ ಅಡಿಯಲ್ಲಿದೆ. ರಬ್ಬರ್ ಮ್ಯಾಟ್ ಸರಿಸಿ, ಸಣ್ಣ ತಗಡಿನ ಮುಚ್ಚಳ ತೆಗೆದರೆ ಅದರ ಮೂತಿ ಕಾಣುತ್ತದೆ. ನೋಡಿದೆ, ಅರ್ಧಕ್ಕಿಂತ ಕೆಳಗಿತ್ತು.

ಶೆಡ್ಡಿಗೆ ಹೋದರೆ ಬ್ರೇಕ್ ಆಯಿಲ್ ಡಬ್ಬ ಖಾಲಿ. ಪಕ್ಕದಲ್ಲಿ ಹೆಸರಿಲ್ಲದ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ ಕೆಂಪು ಎಣ್ಣೆ ಇತ್ತು. ಟ್ರ್ಯಾಕ್ಟರಿನ ಪವರ್ ಸ್ಟೇರಿಂಗಿಗೆ ತಂದು ಉಳಿದಿದ್ದು. ಪೇಟೆಗೆ ಹೋಗಿ ಬರುವುದೆಂದರೆ ಅರ್ಧ ದಿನ. ಮಳೆ ಬೇರೆ. 'ಇದೂ ಎಣ್ಣೆಯೇ, ಅದೂ ಎಣ್ಣೆಯೇ, ಅಪ್ಪನ ಕೈಲಿ ಬೈಸಿಕೊಳ್ಳುವುದು ಯಾಕೆ' ಅಂದುಕೊಂಡು ಬಗ್ಗಿಸಿದೆ. ಮುಚ್ಚಳ ಹಾಕಿ, ಮ್ಯಾಟ್ ಎಳೆದು, ಕೈ ಒರೆಸಿಕೊಂಡು ಒಳಗೆ ಬಂದೆ. ಸಂಜೆ ಅಪ್ಪ ಕೇಳಿದಾಗ "ಹಾಕಿದೆ" ಅಂದೆ. ಅಷ್ಟೇ.

ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಅಪ್ಪ, "ಎಂತದೋ ಜೀಪು ಭಾರ ಎಳೀತಾ ಉಂಟು" ಅಂದರು. ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ತಾನೇ ಉರುಳುತ್ತಿದ್ದ ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಪೆಡಲ್ ಮೇಲಕ್ಕೇ ಗಟ್ಟಿಯಾಗಿ ಸಿಗುತ್ತಿತ್ತು. "ಬ್ರೇಕು ಈ ಸಲ ಚೆನ್ನಾಗಿ ಹಿಡೀತಾ ಉಂಟು" ಎಂದು ಅಪ್ಪ ಸಮಾಧಾನ ಮಾಡಿಕೊಂಡರು. ಅದು ಚೆನ್ನಾಗಿ ಹಿಡಿಯುತ್ತಿರಲಿಲ್ಲ. ಹಿಡಿದದ್ದನ್ನು ಬಿಡುತ್ತಿರಲಿಲ್ಲ.

ಸಂತೆ ದಿನ

ಐದನೇ ದಿನ ಸಂತೆ. ಅಪ್ಪ ಸ್ಟೇರಿಂಗಿನಲ್ಲಿ, ಹಿಂದೆ ಆರು ಜನ, ನಾನು ಬಾಗಿಲ ಕಂಬಿ ಹಿಡಿದು ನೇತಾಡಿಕೊಂಡು ನಿಂತಿದ್ದೆ. ಅರ್ಧ ಇಳಿಜಾರು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಯಾರೋ "ಬೀಡಿ ಯಾರು ಹಚ್ಚಿದ್ದು?" ಅಂದರು. ಎಡಗಡೆ ಹಿಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಮುಂದಿನ ತಿರುವಿನ ಹತ್ತಿರ ಅಪ್ಪ ಬ್ರೇಕು ಒತ್ತಿದರು. ಪೆಡಲ್ ನೆಲಕ್ಕೆ ಹೋಯಿತು. ಎರಡು ಸಲ, ಮೂರು ಸಲ ತುಳಿದರು, ಏನೂ ಇಲ್ಲ. ಅಪ್ಪ ಕೂಗಲಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಹಾಕಿದರು. ಎಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಎಳೆದರು. ಆಮೇಲೆ "ಗಟ್ಟಿ ಹಿಡ್ಕಳಿ" ಎಂದು ಒಂದೇ ಮಾತು ಹೇಳಿ ಜೀಪನ್ನು ಎಡಕ್ಕೆ ದರೆಗೆ ಒತ್ತಿದರು. ಮಡ್‌ಗಾರ್ಡ್ ಮಣ್ಣು ಕೆರೆಯುತ್ತಾ, ಬೇರು ಹರಿಯುತ್ತಾ ಹೋಗಿ ಗಾಡಿ ನಿಂತಿತು. ಬಲಕ್ಕೆ ಎಳೆದಿದ್ದರೆ ಹಳ್ಳ.

ಹಿಂದೆ ಕೂತಿದ್ದ ಒಬ್ಬ ಅಕ್ಕನ ಹಣೆ ಹುಡ್ಡಿನ ಕಂಬಿಗೆ ಬಡಿಯಿತು. ಮೂರು ಹೊಲಿಗೆ ಬಿತ್ತು. ಉಳಿದವರಿಗೆಲ್ಲ ತರಚು ಗಾಯ. ನನಗೆ ಏನೂ ಆಗಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ಅಪ್ಪ ಸುಮ್ಮನೆ ಪೆಡಲ್ ಒತ್ತಿ ನೋಡಿದರೆ ಬ್ರೇಕು ವಾಪಸ್ ಬಂದಿತ್ತು! ಗಟ್ಟಿಯಾಗಿ, ಮೊದಲಿನ ಹಾಗೇ. ಸುತ್ತ ನಿಂತವರಲ್ಲಿ ಇಬ್ಬರು "ಸರಿಯಾಯ್ತಲ್ಲ ಗೌಡ್ರೇ, ನಿಧಾನ ಹೋಗುವ" ಅಂದರು. ಅಪ್ಪ ಒಪ್ಪಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಪೇಟೆಯ ಗ್ಯಾರೇಜಿನ ಕಾಕನಿಗೆ ಫೋನ್ ಮಾಡಿದರು.

ಕಾಕನ ಲೋಟ

ಅವರನ್ನು ಎಲ್ಲರೂ ಕರೆಯುವುದು ಕಾಕ ಅಂತಲೇ. ನಮ್ಮ ಸುತ್ತಿನ ಅರ್ಧ ಜೀಪುಗಳು ಅವರ ಕೈಯಲ್ಲಿ ಬಿಚ್ಚಿಕೊಂಡವು. ಅಂದು ಅವರು ಬಂದು ಮೊದಲು ಮಾಡಿದ ಕೆಲಸ ಸ್ಪ್ಯಾನರ್ ಹಿಡಿದದ್ದಲ್ಲ. ನಾಲ್ಕು ಚಕ್ರದ ಹತ್ತಿರವೂ ಅಂಗೈ ಒಡ್ಡಿ ಬಿಸಿ ನೋಡಿದರು. ಮುಟ್ಟಲಿಲ್ಲ, ಹತ್ತಿರ ಹಿಡಿದರು ಅಷ್ಟೇ. ಕಾದ ಡ್ರಮ್ಮು ಮುಟ್ಟಿದರೆ ಚರ್ಮ ಸುಲಿಯುತ್ತದೆ.

"ಒಂದು ಚಕ್ರ ಮಾತ್ರ ಕಾದಿದ್ದರೆ ತೊಂದರೆ ಆ ಚಕ್ರದಲ್ಲಿ. ನಾಲ್ಕೂ ಕಾದಿದ್ದರೆ ತೊಂದರೆ ನಡುವೆ" ಅಂದರು. ನಾಲ್ಕೂ ಕಾದಿದ್ದವು.

ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದರೆ ಈ ಮಾತು ಅರ್ಥವಾಗುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನೊಳಗೆ ನೂಕುತ್ತದೆ. ಪ್ರತಿ ಚಕ್ರದಲ್ಲೂ ಒಂದು ಸಣ್ಣ ವೀಲ್ ಸಿಲಿಂಡರ್ ಇರುತ್ತದೆ. ಆಯಿಲಿನ ಒತ್ತಡಕ್ಕೆ ಅದರ ಎರಡೂ ತುದಿಯ ಪಿಸ್ಟನ್ ಹೊರಗೆ ಬಂದು, ಅರ್ಧಚಂದ್ರದಂಥ ಎರಡು ಶೂಗಳನ್ನು ಅಗಲಿಸುತ್ತವೆ. ಶೂ ಮೇಲಿನ ಲೈನಿಂಗ್ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಶೂಗಳನ್ನು ಒಳಗೆಳೆಯುತ್ತದೆ, ಆಯಿಲ್ ಮಾಸ್ಟರ್ ಸಿಲಿಂಡರಿಗೆ ವಾಪಸ್ ಹೋಗುತ್ತದೆ. ಎರಡನೇ ಮಹಾಯುದ್ಧಕ್ಕೆಂದು 1941ರಿಂದ ತಯಾರಾದ ವಿಲ್ಲೀಸ್ ಜೀಪಿನಲ್ಲೂ ನಾಲ್ಕು ಚಕ್ರಕ್ಕೂ ಇದೇ ಏರ್ಪಾಡು ಇತ್ತು. ಆ ವಂಶದ ಹಳೇ ಜೀಪುಗಳಲ್ಲಿ ಇಂದಿಗೂ ಇದೇ ಇದೆ.

ಕಾಕ ಒಂದು ಚಕ್ರ ಜಾಕ್ ಮೇಲೆ ಎತ್ತಿ ತಿರುಗಿಸಿದರು. ತಿರುಗಲಿಲ್ಲ. ಹಿಂಬದಿಯ ಏರ್ ತೆಗೆಯುವ ನಿಪ್ಪಲ್ಲನ್ನು ಸ್ವಲ್ಪ ಸಡಿಲಿಸಿದರು. ಯಾರೂ ಪೆಡಲ್ ಒತ್ತಿರಲಿಲ್ಲ. ಆದರೂ ಆಯಿಲ್ ಚಿಮ್ಮಿತು, ಚಕ್ರ ಸಡಿಲಾಯಿತು. ಅಂದರೆ ಶೂ ಸಿಕ್ಕಿಕೊಂಡದ್ದಲ್ಲ, ಆಯಿಲಿನ ಒತ್ತಡ ಒಳಗೇ ಉಳಿದುಕೊಂಡಿತ್ತು. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದಿದ್ದರೆ ಸ್ಪ್ರಿಂಗು ಸತ್ತಿದೆ, ಶೂ ಜಾಮ್ ಆಗಿದೆ, ಇಲ್ಲವೇ ಅಡ್ಜಸ್ಟ್‌ಮೆಂಟ್ ಬಿಗಿಯಾಗಿದೆ ಎಂದು ನೋಡಬೇಕಿತ್ತು.

ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟು ಸಡಿಲಿಸಿದರು. ಉಳಿದ ಮೂರೂ ಚಕ್ರ ಒಟ್ಟಿಗೆ ಬಿಟ್ಟುಕೊಂಡವು. "ನೋಡು, ಪೈಪಿನಲ್ಲಿ ತೊಂದರೆ ಇಲ್ಲ. ಆಯಿಲ್ ಇಲ್ಲಿಯವರೆಗೆ ಬಂದು ಬಾಗಿಲು ಮುಚ್ಚಿದೆ ಅಂತ ನಿಂತಿದೆ."

ಆ ಬಾಗಿಲು ಮಾಸ್ಟರ್ ಸಿಲಿಂಡರಿನ ಒಳಗಿನ ಒಂದು ಸೂಜಿಯಂಥ ತೂತು. ಅದು ಮುಚ್ಚಿಕೊಳ್ಳಲು ಎರಡು ಕಾರಣ ಇರಬಹುದು. ಒಂದು, ಪೆಡಲಿಗೆ ಫ್ರೀ ಪ್ಲೇ ಇಲ್ಲದೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೇ ಇರುವುದು. ಕಾಕ ಕೈಯಲ್ಲಿ ಪೆಡಲ್ ಅಲ್ಲಾಡಿಸಿದರು. ಅರ್ಧ ಇಂಚು ಸಡಿಲ ಇತ್ತು, ಅದು ಸರಿ. ಇನ್ನೊಂದು, ಒಳಗಿನ ರಬ್ಬರ್ ಕಪ್ಪು ಉಬ್ಬಿ ತೂತಿನ ಮೇಲೆ ಕೂರುವುದು.

ಅವರು ಆಯಿಲಿನ ಮುಚ್ಚಳ ತೆಗೆದರು. ಬೆರಳು ಅದ್ದಿ ಉಜ್ಜಿ, ಮೂಸಿ ನೋಡಿದರು. ಆಮೇಲೆ ಅಪ್ಪನ ಹತ್ತಿರ "ಒಂದು ಲೋಟ ನೀರು ಕೊಡಿ ಗೌಡ್ರೇ" ಅಂದರು. ಕುಡಿಯಲಿಕ್ಕೆ ಎಂದುಕೊಂಡು ಕೊಟ್ಟರೆ ಅದಕ್ಕೆ ನಾಲ್ಕು ಹನಿ ಆಯಿಲ್ ಬಿಟ್ಟು ಕಲಕಿದರು. ಎಣ್ಣೆ ತೇಲಿತು. ನೀರಿನ ಮೇಲೆ ಬಣ್ಣದ ಬಳೆಗಳು.

"ಸರಿಯಾದ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಹೋಗ್ತದೆ. ಇದು ತೇಲ್ತಾ ಉಂಟು. ಬೇರೆ ಆಯಿಲ್ ಬಿದ್ದಿದೆ. ಯಾರು ಹಾಕಿದ್ದು?"

ನನ್ನ ಗಂಟಲು ಒಣಗಿತು. ಅಪ್ಪ ನನ್ನ ಕಡೆ ನೋಡಲಿಲ್ಲ. "ನಾನೇ ಹಾಕಿರಬೇಕು, ಶೆಡ್ಡಲ್ಲಿ ಕತ್ತಲೆ" ಅಂದರು.

ನಾನು ಸುಮ್ಮನಿದ್ದೆ. ಹಣೆಗೆ ಬಟ್ಟೆ ಒತ್ತಿ ಹಿಡಿದುಕೊಂಡಿದ್ದ ಅಕ್ಕನನ್ನು ಆಗಷ್ಟೇ ಇನ್ನೊಬ್ಬರ ಬೈಕಿನಲ್ಲಿ ಆಸ್ಪತ್ರೆಗೆ ಕಳಿಸಿದ್ದೆವು.

ಹಾಗಾದರೆ ಬ್ರೇಕು ಹೋಗಿ ವಾಪಸ್ ಬಂದದ್ದು ಯಾಕೆ? ಕಾಕ ವಿವರಿಸಿದರು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಕೇಳಬೇಕೇ. ಶೂಗಳು ಬಿಡದೆ ಉಜ್ಜುತ್ತಾ ಡ್ರಮ್ಮು ಕಾಯಿತು, ಶಾಖ ವೀಲ್ ಸಿಲಿಂಡರಿಗೆ ಇಳಿದು ಆಯಿಲ್ ಕುದಿಯಿತು. ಕುದಿದರೆ ಆವಿ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅದಕ್ಕೇ ಪೆಡಲ್ ನೆಲ ಮುಟ್ಟಿದ್ದು. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಯಿತು, ಬ್ರೇಕು ಬಂದಂತೆ ಕಂಡಿತು. "ಈ ಬ್ರೇಕು ನಂಬಿ ಇಳಿದಿದ್ದರೆ ಮುಂದಿನ ತಿರುವಿನಲ್ಲಿ ಮತ್ತೆ ಹೋಗ್ತಿತ್ತು" ಅಂದರು.

ಡಬ್ಬದ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದಲ್ಲ, ಅದು ಇದೇ ಲೆಕ್ಕ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಇದು 230 ಮತ್ತು 155. ಅದಕ್ಕೇ ಆಯಿಲ್ ಕಮ್ಮಿಯಾಗದಿದ್ದರೂ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ವರ್ಷಗಟ್ಟಲೆ ಮುಚ್ಚಳ ತೆರೆದಿಟ್ಟ ಡಬ್ಬದ್ದನ್ನು ಹಾಕಬಾರದು.

ಎರಡು ದಿನದ ಪಾಠ

ಜೀಪು ಹೇಗೋ ಮನೆ ಅಂಗಳ ಸೇರಿತು. ಮುಂದಿನ ಎರಡು ದಿನ ನಾನು ಕಾಕನ ಆಳು. ಅಪ್ಪ ಹೇಳಿದ್ದಲ್ಲ, ನಾನೇ ಹೋಗಿ ನಿಂತದ್ದು. ತಪ್ಪು ಹೇಳುವ ಧೈರ್ಯ ಇಲ್ಲದವನಿಗೆ ಸ್ಪ್ಯಾನರ್ ಹಿಡಿಯುವ ಕೆಲಸವಾದರೂ ಇರಲಿ ಎಂದು.

ಮೊದಲ ಪಾಠ ಹ್ಯಾಂಡ್ ಬ್ರೇಕಿನದು. ಹಿಂದಿನ ಚಕ್ರ ಎತ್ತಲು ನಾನು ಹ್ಯಾಂಡ್ ಬ್ರೇಕ್ ಎಳೆದು ಜಾಕ್ ಹಾಕಲು ಹೊರಟೆ. ಕಾಕ ತಲೆಗೆ ಮೊಟಕಿದರು. ನಮ್ಮ ಹಳೇ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರದ ಮೇಲೆ ಕೆಲಸ ಮಾಡುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಶಾಫ್ಟಿಗೆ ಒಂದು ಸಣ್ಣ ಡ್ರಮ್ಮಿದೆ, ಅದನ್ನು ಹಿಡಿಯುತ್ತದೆ. ಒಂದು ಹಿಂದಿನ ಚಕ್ರ ಗಾಳಿಯಲ್ಲಿ ಎದ್ದಿತೋ, ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ ಒಳಗೆ ಒಂದು ಚಕ್ರ ಮುಂದೆ ಇನ್ನೊಂದು ಹಿಂದೆ ತಿರುಗಬಹುದು. ಹ್ಯಾಂಡ್ ಬ್ರೇಕ್ ಎಷ್ಟು ಬಿಗಿ ಇದ್ದರೂ ಗಾಡಿ ಉರುಳುತ್ತದೆ. ಗೇರಿನಲ್ಲಿಟ್ಟರೂ ಇದೇ ಕತೆ. ಆದ್ದರಿಂದ ಇಂಥ ಜೀಪಿನ ಹಿಂದಿನ ಚಕ್ರ ಎತ್ತುವ ಮುಂಚೆ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ದೊಡ್ಡ ಕಲ್ಲು ಕೊಡಲೇಬೇಕು. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗಬಾರದು. ಗಟ್ಟಿ ಮರದ ದಿಮ್ಮಿ ಕೊಡಬೇಕು.

ಡ್ರಮ್ಮು ಬಿಚ್ಚುವುದೂ ಸುಲಭವಲ್ಲ. ಹಳೇ ಡ್ರಮ್ಮಿನ ಒಳಮೈ ಸವೆದು ಅಂಚಿನಲ್ಲಿ ಏಣು ಎದ್ದಿರುತ್ತದೆ. ಶೂಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಸುತ್ತಿಗೆಯಲ್ಲಿ ಬಡಿಯುವ ಮುಂಚೆ ಅಡ್ಜಸ್ಟರ್ ಪೂರ್ತಿ ಸಡಿಲಿಸಬೇಕು. ಎರಕದ ಡ್ರಮ್ಮು ಸುತ್ತಿಗೆ ಏಟಿಗೆ ಬಿರುಕು ಬಿಡುತ್ತದೆ.

ತೆಗೆದ ಮೇಲೆ ಒಳಗೆ ಕಪ್ಪು ಧೂಳು. ಊದಲು ಹೋದೆ. "ಮೂತಿ ತೆಗಿ" ಅಂದರು ಕಾಕ. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಊದಬಾರದು, ಏರ್ ಪೈಪ್ ಹಿಡಿಯಬಾರದು. ಸೋಪಿನ ನೀರು ಹಾಕಿ ನೆನೆಸಿ ಒರೆಸಬೇಕು.

ನನ್ನ ಕೆಂಪು ಎಣ್ಣೆಯ ಕೆಲಸ ಆಗ ಕಣ್ಣಿಗೆ ಕಂಡಿತು. ವೀಲ್ ಸಿಲಿಂಡರಿನಿಂದ ತೆಗೆದ ರಬ್ಬರ್ ಕಪ್ಪುಗಳು ನೆನೆಸಿದ ಕಡಲೆಯ ಹಾಗೆ ಉಬ್ಬಿದ್ದವು. ಕಾಕ ಹೊಸ ಕಪ್ಪನ್ನು ಪಕ್ಕದಲ್ಲಿಟ್ಟು ತೋರಿಸಿದರು. ಬ್ರೇಕಿನ ರಬ್ಬರಿಗೆ ಎಂಜಿನ್ ಆಯಿಲ್, ಗೇರ್ ಆಯಿಲ್, ಪವರ್ ಸ್ಟೇರಿಂಗ್ ಆಯಿಲ್, ಸೀಮೆಎಣ್ಣೆ, ಡೀಸೆಲ್ ಯಾವುದೂ ಆಗಿ ಬರುವುದಿಲ್ಲ. ತೊಳೆಯುವುದಿದ್ದರೆ ಸ್ಪಿರಿಟ್, ಜೋಡಿಸುವಾಗ ಹಚ್ಚುವುದಿದ್ದರೆ ಹೊಸ ಬ್ರೇಕ್ ಆಯಿಲ್. ಒಮ್ಮೆ ತಪ್ಪು ಎಣ್ಣೆ ಬಿತ್ತೆಂದರೆ ಅದನ್ನು ಬಗ್ಗಿಸಿ ಹೊಸದು ತುಂಬಿದರೆ ಸಾಲದು. ರಬ್ಬರ್ ಇರುವ ಎಲ್ಲವನ್ನೂ ಬದಲಿಸಬೇಕು: ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕು ವೀಲ್ ಸಿಲಿಂಡರ್ ಕಿಟ್, ಹೋಸ್ ಪೈಪುಗಳು. ಕಬ್ಬಿಣದ ಪೈಪುಗಳನ್ನು ಸ್ಪಿರಿಟ್ ಹಾಕಿ ತೊಳೆದು ಒಣಗಿಸಬೇಕು. ಅಪ್ಪ ಆ ವರ್ಷದ ಮೆಣಸು ಮಾರಿದ ದುಡ್ಡಿನಲ್ಲಿ ಇದನ್ನೆಲ್ಲ ತರಿಸಿದರು.

ಇನ್ನೊಂದು ವಿಷಯವೂ ಹೊರಬಿತ್ತು. ಮುಂದಿನ ಬಲ ಚಕ್ರದ ವೀಲ್ ಸಿಲಿಂಡರ್ ಮೊದಲಿನಿಂದಲೇ ಸೋರುತ್ತಿತ್ತು. ರಬ್ಬರ್ ಟೊಪ್ಪಿ ಎತ್ತಿದರೆ ಒಳಗೆ ಒದ್ದೆ. ಬ್ರೇಕ್ ಆಯಿಲ್ ತಾನಾಗಿ ಆವಿಯಾಗಿ ಹೋಗುವುದಿಲ್ಲ. ಲೈನಿಂಗ್ ಸವೆದಾಗ ಮಟ್ಟ ನಿಧಾನವಾಗಿ ಸ್ವಲ್ಪ ಇಳಿಯಬಹುದು. ಅದು ಬಿಟ್ಟರೆ ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಅಂದು ನಾನು ಸರಿಯಾದ ಆಯಿಲ್ ಹಾಕಿದ್ದರೂ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕಿತ್ತು. ನಮ್ಮಂಥ ಹಳೇ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು. ಒಂದು ಕಡೆ ಪೂರ್ತಿ ಸೋರಿದರೆ ನಾಲ್ಕೂ ಹೋಗುತ್ತವೆ.

ಹಿಂದಿನ ಎಡ ಚಕ್ರದ ಲೈನಿಂಗಿಗೆ ಗೇರ್ ಆಯಿಲ್ ಬಡಿದಿತ್ತು. ಆಕ್ಸಲಿನ ಆಯಿಲ್ ಸೀಲ್ ಹೋಗಿತ್ತು. ಗೇರ್ ಆಯಿಲ್ ದಪ್ಪ, ಗಂಧಕದ ವಾಸನೆ. ಬ್ರೇಕ್ ಆಯಿಲ್ ತೆಳು, ಬಿದ್ದಲ್ಲಿ ಪೇಂಟ್ ಎದ್ದು ಬರುತ್ತದೆ. ಒದ್ದೆ ಕಂಡಾಗ ಯಾವುದು ಎಂದು ಮೊದಲು ಗುರುತಿಸಬೇಕು, ಇಲ್ಲದಿದ್ದರೆ ತಪ್ಪು ಸಾಮಾನು ತರುತ್ತೇವೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಮೊದಲು ಸೀಲ್, ಆಮೇಲೆ ಹೊಸ ಲೈನಿಂಗ್. ಅದೂ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ.

ಜೋಡಿಸಿದ ಮೇಲೆ ಅಡ್ಜಸ್ಟ್ ಮಾಡುವುದು. ಪ್ರತಿ ಶೂಗೂ ಹಿಂಬದಿಯ ತಟ್ಟೆಯಲ್ಲಿ ಒಂದು ಅಡ್ಜಸ್ಟರ್ ನಟ್ಟು. ಚಕ್ರ ಕೈಯಲ್ಲಿ ತಿರುಗಿಸುತ್ತಾ ಶೂ ತಾಗಿ ಬಿಗಿಯಾಗುವವರೆಗೆ ನಟ್ಟು ತಿರುವಬೇಕು. ಆಮೇಲೆ ಚಕ್ರ ಸಲೀಸಾಗುವಷ್ಟು ಹಿಂದಕ್ಕೆ ಬಿಡಬೇಕು. ಒಂದು ಶೂ ಮುಗಿಸಿ ಇನ್ನೊಂದು.

ಕಡೆಗೆ ಏರ್ ತೆಗೆಯುವುದು. ನಾನು ಪೆಡಲ್ ಮೇಲೆ, ಕಾಕ ಕೆಳಗೆ. "ಒತ್ತು... ಹಿಡಿ..." ಎನ್ನುತ್ತಿದ್ದರು. ಅವರು ನಿಪ್ಪಲ್ ಬಿಟ್ಟಾಗ ಪೆಡಲ್ ಕೆಳಗಿಳಿಯುತ್ತದೆ. ಅವರು ನಿಪ್ಪಲ್ ಮುಚ್ಚಿ "ಬಿಡು" ಅನ್ನುವ ತನಕ ಕಾಲು ತೆಗೆಯಬಾರದು. ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟೇರಿಂಗಿನ ಜೀಪಿನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕಡೆಗೆ ಮುಂದಿನ ಬಲ. ನಡುನಡುವೆ ಆಯಿಲ್ ತುಂಬುತ್ತಾ ಇರಬೇಕು.

ಪೆಡಲ್ ಹೇಳುವ ಮಾತು

ಆ ಎರಡು ದಿನದಲ್ಲಿ ಕಾಕ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಜರ್ನಲಿಸಂ ಓದುವಾಗ ಬರೆದ ಎಷ್ಟೋ ನೋಟ್ಸು ಕಳೆದುಹೋದವು, ಇದು ಮಾತ್ರ ಉಳಿದಿದೆ. ನಿಮಗೂ ಬೇಕಾದೀತು.

ಪೆಡಲ್ ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದರೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಹೆಚ್ಚಿನ ಸಲ ಶೂ ಮತ್ತು ಡ್ರಮ್ಮಿನ ನಡುವೆ ಸಂದು ಜಾಸ್ತಿಯಾಗಿದೆ. ಅಡ್ಜಸ್ಟ್ ಮಾಡಿ. ಲೈನಿಂಗ್ ಎಷ್ಟು ಉಳಿದಿದೆ ನೋಡಿ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಏರ್ ತೆಗೆಸಿ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಎಲ್ಲೋ ಸೋರುತ್ತಿದೆ.

ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ಮೊದಲು ಚಕ್ರಗಳ ಒಳಬದಿ, ಪೈಪು ನೋಡಿ. ಎಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪು ಸವೆದು ಆಯಿಲ್ ಒಳಗೊಳಗೇ ಹಿಂದೆ ಜಾರುತ್ತಿದೆ. ಇಂಥ ಗಾಡಿ ಹೊರಗೆ ತೆಗೆಯಬೇಡಿ.

ಬ್ರೇಕು ಹಾಕಿದಾಗ ಒಂದು ಪಕ್ಕಕ್ಕೆ ಎಳೆದರೆ, ಎಳೆಯುವ ಕಡೆಯ ಬ್ರೇಕು ಸರಿ ಇದ್ದು ಇನ್ನೊಂದು ಕಡೆಯದು ಹಿಡಿಯದೇ ಇರಬಹುದು. ಎಣ್ಣೆ ಬಡಿದ ಲೈನಿಂಗ್, ಜಾಮಾದ ವೀಲ್ ಸಿಲಿಂಡರ್, ಎರಡು ಕಡೆ ಬೇರೆ ಬೇರೆ ಅಡ್ಜಸ್ಟ್‌ಮೆಂಟ್. ಆದರೆ ಮೊದಲು ಟೈರಿನ ಗಾಳಿ ನೋಡಿ, ಅದಕ್ಕೆ ಖರ್ಚಿಲ್ಲ.

ಮುಂದಿನ ಒಂದೇ ಚಕ್ರ ಕಾಯುತ್ತಿದ್ದು, ನಿಪ್ಪಲ್ ಬಿಟ್ಟರೆ ಸಡಿಲಾಗಿ, ಹೋಸಿನ ಮೇಲ್ತುದಿಯ ಪೈಪು ಬಿಟ್ಟರೆ ಸಡಿಲಾಗದಿದ್ದರೆ ರಬ್ಬರ್ ಹೋಸಿನ ಒಳಪದರ ಕಿತ್ತು ದಾರಿ ಕಟ್ಟಿದೆ. ಹೊರಗಿನಿಂದ ನೋಡಲು ಹೋಸು ಚೆನ್ನಾಗೇ ಕಾಣುತ್ತದೆ.

ಬ್ರೇಕು ಹಾಕಿದಾಗ ಪೆಡಲ್ ಕಾಲಿಗೆ ಮಿಡಿದರೆ ಡ್ರಮ್ಮು ಗುಂಡಗಿಲ್ಲ. ಲೇತಿಗೆ ಕೊಟ್ಟು ಟರ್ನಿಂಗ್ ಮಾಡಿಸಬಹುದು. ಆದರೆ ಎಷ್ಟು ಸಲ ಬೇಕಾದರೂ ಅಲ್ಲ. ತೆಳ್ಳಗಾದ ಡ್ರಮ್ಮು ಬೇಗ ಕಾದು ಬಿರುಕು ಬಿಡುತ್ತದೆ.

ಹಳ್ಳ ದಾಟಿದ ಮೇಲೆ ಬ್ರೇಕು ಹಿಡಿಯದಿದ್ದರೆ ಗಾಬರಿ ಬೇಡ. ಡ್ರಮ್ಮಿನೊಳಗೆ ನೀರು ನಿಂತಿದೆ. ಸಮತಟ್ಟಿನಲ್ಲಿ ನಿಧಾನವಾಗಿ ಹೋಗುತ್ತಾ ಪೆಡಲ್ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ. ಇಳಿಜಾರಿಗೆ ಬೀಳುವ ಮುಂಚೆ ಒಮ್ಮೆ ಹಿಡಿದು ನೋಡಿ. ಕೆಸರು ಗದ್ದೆಯಂಥ ದಾರಿಯಲ್ಲಿ ಓಡಾಡುವವರು ಮಳೆಗಾಲ ಮುಗಿದ ಮೇಲೆ ಡ್ರಮ್ಮು ಬಿಚ್ಚಿ ತೊಳೆಸಬೇಕು. ಒಳಗೆ ಸೇರಿದ ಮಣ್ಣು ಲೈನಿಂಗನ್ನೂ ಡ್ರಮ್ಮನ್ನೂ ಅರದ ಹಾಗೆ ತಿನ್ನುತ್ತದೆ.

ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಹೋಗಬೇಡಿ. ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ತೋಟದ ಕಡಿದಾದ ಜಾರು ದಾರಿಯಲ್ಲಿ ಇಳಿಯುವ ಮುಂಚೆಯೇ ನಿಲ್ಲಿಸಿ ಫೋರ್ ವೀಲ್, ಲೋ ಗೇರ್ ಹಾಕಿಕೊಳ್ಳಿ. ಎಂಜಿನ್ನೇ ನಾಲ್ಕು ಚಕ್ರವನ್ನೂ ಹಿಡಿದು ಇಳಿಸುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಕಾದ ಲೈನಿಂಗಿನ ಹಿಡಿತವೂ ಕಮ್ಮಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಕಲ್ಲು ಕೊಡಿ, ತಣ್ಣಗಾಗಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಸೀಳುತ್ತದೆ.

ಹನ್ನೊಂದು ವರ್ಷದ ಮೇಲೆ

ಅಪ್ಪನಿಗೆ ಈಗ ಮಂಡಿ ನೋವು. ಜೀಪು ನಾನು ಊರಿಗೆ ಹೋದಾಗ ಮಾತ್ರ ಹೊರಗೆ ಬರುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ಆಯಿಲ್ ಬದಲಿಸುತ್ತಿದ್ದೆ. ಅಪ್ಪ ಪೆಡಲ್ ಮೇಲೆ ಕೂತಿದ್ದರು, ನಾನು ಕೆಳಗೆ ಮಲಗಿದ್ದೆ. ಮುಖ ಕಾಣದಿದ್ದರೆ ಕೆಲವು ಮಾತು ಸುಲಭ.

"ಅಪ್ಪ, ಅವತ್ತು ಆ ಕೆಂಪು ಎಣ್ಣೆ ಹಾಕಿದ್ದು ನಾನು."

"ಒತ್ತಿ ಹಿಡಿದಿದ್ದೇನೆ, ಮೊದಲು ನಿಪ್ಪಲ್ ಬಿಡು" ಅಂದರು. ಬಿಟ್ಟೆ. ಪೆಡಲ್ ಇಳಿಯಿತು. ಮುಚ್ಚಿದೆ.

"ಗೊತ್ತಿತ್ತು ಮಾರಾಯ. ಶೆಡ್ಡಲ್ಲಿ ಬಾಟ್ಲಿ ಮುಚ್ಚಳ ಹಾಕದೆ ಬಂದಿದ್ದೆಯಲ್ಲ. ಸೋರ್ತಾ ಉಂಟು ಅಂತ ಗೊತ್ತಿದ್ದೂ ಎರಡು ತಿಂಗಳು ಬರೀ ಆಯಿಲ್ ತುಂಬಿಕೊಂಡು ಓಡಿಸಿದ್ದು ನಾನಲ್ವಾ? ಆರು ಜನ ಕೂರಿಸಿಕೊಂಡು ಹೊರಟದ್ದೂ ನಾನೇ."

ಮತ್ತೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಇನ್ನೂ ಮೂರು ಚಕ್ರ ಬಾಕಿ ಇತ್ತು.

ಆ ಅಕ್ಕನ ಹಣೆಯ ಮೇಲೆ ಗೆರೆ ಈಗಲೂ ಇದೆ. ಸಿಕ್ಕಾಗೆಲ್ಲ "ಯಾವಾಗ ಬಂದ್ರಿ ಸಣ್ಣ ಗೌಡ್ರೇ, ನಿಮ್ಮ ಅಪ್ಪ ಅವತ್ತು ನಮ್ಮ ಜೀವ ಉಳಿಸಿದರು" ಎಂದೇ ಮಾತು ಶುರು ಮಾಡುತ್ತಾರೆ. ಅವರಿಗೆ ಓದಲು ಬರುವುದಿಲ್ಲ. ಅವರ ಮಗ ಫೋನಿನಲ್ಲಿ ನಮ್ಮ ಬರಹಗಳನ್ನು ಓದಿ ಹೇಳುತ್ತಾನಂತೆ. ತಮ್ಮಾ, ಇದನ್ನೂ ಅಮ್ಮನಿಗೆ ಪೂರ್ತಿ ಓದಿ ಹೇಳು. ಮುಂದಿನ ವಾರ ಊರಿಗೆ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈಯಲಿ.

ನಮ್ಮ ಶೆಡ್ಡಿನಲ್ಲಿ ಈಗ ಹೆಸರಿಲ್ಲದ ಬಾಟಲಿ ಒಂದೂ ಇಲ್ಲ. ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ: 'ಟ್ರ್ಯಾಕ್ಟರ್', 'ಗೇರ್', 'ಬ್ರೇಕ್'. ಇಷ್ಟು ಓದಿದ ಮೇಲೆ ನೀವೂ ನಿಮ್ಮ ಶೆಡ್ಡಿಗೆ ಒಮ್ಮೆ ಹೋಗಿ ನೋಡಿ. ಹೆಸರಿಲ್ಲದ್ದು ಸಿಕ್ಕರೆ, ಒಂದು ಲೋಟ ನೀರು ತೆಗೆದುಕೊಳ್ಳಿ. ತೇಲಿದರೆ ಅದು ಬ್ರೇಕಿನದ್ದಲ್ಲ. ತೇಲದಿದ್ದರೂ ಹೆಸರಿಲ್ಲದ್ದನ್ನು ಬ್ರೇಕಿಗೆ ಹಾಕಬೇಡಿ.